ಬೀಗತಿಯ ಚಾದರ, ಮೊಮ್ಮಗಳ ಹಿಮ್ಮಡ

ನನ್ನ ಬೀಗತಿಯನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಆ ದಿನಗಳನ್ನು ನೆನೆದರೆ ಎದೆಯಲ್ಲಿ ಹಿಡಿಸಲಾರದಷ್ಟು ಸಂತೋಷವಾಗುತ್ತದೆ.

ಎಪ್ಪತ್ತರ ದಶಕದ ಮಾತು. ನಾವು ಸೋಲಾಪುರದವರು, ಮಗಳನ್ನು ನಾಗಣಸೂರಿಗೆ ಕೊಟ್ಟಿದ್ದೆವು. ಅವಳ ಹತ್ತು ವರ್ಷದ ಮಗಳು ಬರಿಗಾಲಲ್ಲಿ ದಿನವಿಡೀ ಖೋ-ಖೋ ಆಡುವವಳು. ಈಗ ಹಿಮ್ಮಡ ಊರಲಾರದೆ ತುದಿಗಾಲಲ್ಲಿ ನಡೆಯುತ್ತಿದ್ದಾಳೆಂದು ಸುದ್ದಿ ಬಂತು. ಬೀಗರ ಹೊಸ ಮನೆಯ ವಾಸ್ತುಶಾಂತಿ ಮರುದಿನವೇ ಇತ್ತು. ಬೀಗತಿಗೆ ಮಾನದ ಉಡುಗೊರೆಯಾಗಿ ಕೊಡಲೆಂದು ಹೊಸ ಚಾದರವೊಂದನ್ನು ತೆಗೆದುಕೊಂಡು ಎಸ್‌.ಟಿ. ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಬೀಗತಿ ಹುಡುಗಿಯ ಹಿಮ್ಮಡಕ್ಕೆ ಹಚ್ಚಲೆಂದು ದೀಪದ ಮೇಲೆ ಬಿಬ್ಬಾ, ಅಂದರೆ ಕರಿಗೇರು ಬೀಜ, ಕಾಯಿಸುತ್ತ ಕುಳಿತಿದ್ದರು. ಅದರ ಎಣ್ಣೆ ತಾಕಿದರೆ ಚರ್ಮ ಬೊಬ್ಬೆ ಏಳುತ್ತದೆ. ಹುಡುಗಿ ಹಿಮ್ಮಡ ಮುಚ್ಚಿಕೊಂಡು ಮೂಲೆ ಸೇರಿದ್ದಳು.

"ಕೆಲಸ ಹೇಳಿದ್ರ ನೋಯ್ತೈತಿ, ಆಟಕ್ಕ ಕರದ್ರ ನೋಯೂದಿಲ್ಲ. ಒಂದ್ ಚಟಕಿ ಕೊಟ್ರ ನೆಟ್ಟಗ ನಡೀತಾಳ," ಎಂದರು.

"ಅಷ್ಟು ಛಲೋ ಔಷಧ ಇದ್ರ ಮೊದಲ ನಿಮ್ಮ ನಾಲಿಗಿಗಿ ಹಚ್ಕೋರಿ," ಎಂದೆ.

ಹುಡುಗಿಯನ್ನು ಎತ್ತಿಕೊಂಡು ಅಕ್ಕಲಕೋಟೆಯ ದವಾಖಾನೆಗೆ ಹೋದೆ. ಡಾಕ್ಟರು ಹಿಮ್ಮಡವನ್ನು ಎರಡೂ ಬದಿಯಿಂದ ಒತ್ತಿದರು. ಹುಡುಗಿ ಚೀರಿದಳು.

"ಕೊಯ್ಯೂದು ಗಿಯ್ಯೂದು ಏನೂ ಬ್ಯಾಡ ಆಜಿ. ಬೆಳಿಯೂ ಎಲುವು, ಓಡಿ ಓಡಿ ಜಗ್ಗೇತಿ. ಆರು ವಾರ ಓಡೂದು ಬಂದ್. ಚಪ್ಪಲ್ಯಾಗ ಹಿಮ್ಮಡದ ಕೆಳಗ ದಪ್ಪ ಅರಿವಿ ಹಾಕ್ರಿ. ತಣ್ಣೀರ ಪಟ್ಟಿ ಇಡ್ರಿ. ನೋವು ಇಳದ ಮ್ಯಾಲ ಗ್ವಾಡಿಗಿ ಕೈಕೊಟ್ಟು ಮೀನಖಂಡ ಜಗ್ಗಸ್ರಿ. ಬಿಬ್ಬಾ ಹಚ್ಚಿದ್ರ ಮಾತ್ರ ನನ್ನ ಕಡಿ ಬರಬ್ಯಾಡ್ರಿ."

ಮರಳಿ ಬಂದು ಹಳೆಯ ಕೌದಿಯೊಂದನ್ನು ಕೇಳಿದೆ. "ವಾಸ್ತು ಐತಿ, ಹರಕು ಮುರಕು ಹೊರಗ ತಗಿಯೂದಿಲ್ಲ," ಎಂದು ಬೀಗತಿ ಮುಖ ತಿರುವಿದರು. ನಾನು ಕತ್ತರಿ ತೆಗೆದುಕೊಂಡು, ವಾಸ್ತುವಿಗೆ ಆಗಲೇ ಬಂದಿದ್ದ ನೆಂಟರೆಲ್ಲರ ಎದುರಿಗೆ, ಹೊಸ ಚಾದರವನ್ನು ಹರವಿ ಕುಳಿತೆ.

"ಅಯ್ಯ, ಅದು ನನ್ನ ಮಾನದ್ದಲ್ಲೇನ್ರಿ?"

"ಹೌದ್ರಿ, ನಿಮ್ಮದ. ಅದಕ್ಕ ಕತ್ತರ್ಸಾಕತ್ತೀನಿ."

ನಾಲ್ಕು ಮಡಿಕೆ ಮಾಡಿ ಹೊಲಿದು ಎರಡೂ ಚಪ್ಪಲಿಗೆ ಹಾಕಿದೆ. ಮಗಳು ಒಳಗೆ ಅಳುತ್ತಿದ್ದಳು, ನಾನು ತಿರುಗಿ ನೋಡಲಿಲ್ಲ.

ಮಗಳ ಮನೆಯಲ್ಲಿ ಮೂರು ದಿನ ಉಳಿದರೇ ಜನ ಆಡಿಕೊಳ್ಳುತ್ತಾರೆ. ನಾನು ಆರು ವಾರ ಉಳಿದೆ. ನಾನು ಹೋದರೆ ಬಿಬ್ಬಾ ಹೊರಗೆ ಬರುತ್ತದೆಂದು ನನಗೆ ಗೊತ್ತಿತ್ತು. ಬೀಗತಿ ನನ್ನ ತಾಟಿಗೆ ರೊಟ್ಟಿಯನ್ನು ಕಲ್ಲು ಒಗೆದಂತೆ ಒಗೆಯುತ್ತಿದ್ದರು. ನಾನು ಎರಡು ಹೆಚ್ಚಿಗೆ ಬೇಡಿ ತಿನ್ನುತ್ತಿದ್ದೆ. ದಿನಾ ಬೆಳಿಗ್ಗೆ ಹುಡುಗಿಯ ಹಿಮ್ಮಡ ಒತ್ತಿ ನೋಡುತ್ತಿದ್ದೆ. ಆರನೆಯ ವಾರ ಮುಗಿದ ದಿನ ಅವಳು ಚೀರಲಿಲ್ಲ. "ಕಚಗುಳಿ ಆಗ್ತೈತಿ ಆಯಿ," ಎಂದು ನಕ್ಕಳು.

ಅಂಗಳಕ್ಕೆ ಬಿಟ್ಟೆ. ಮೊದಲು ನಡೆದಳು, ಆಮೇಲೆ ಓಡಿದಳು, ಬೇವಿನ ಮರ ಸುತ್ತಿ ಬಂದಳು! ಹಿಮ್ಮಡ ನೆಲಕ್ಕೆ ಧಪಧಪ ಬಡಿಯುವ ಸಪ್ಪಳ ಕೇಳುತ್ತ ನಾನು, ಅಷ್ಟು ವಯಸ್ಸಾದವಳು, ಚಪ್ಪಾಳೆ ತಟ್ಟಿ ಕುಣಿದೆ.

"ಹಿಂಗ ಓಡಾಕತ್ರ ಗಂಡ ಯಾವಾವ ಸಿಗ್ತಾನ?" ಎಂದರು ಬಾಗಿಲಲ್ಲಿ ನಿಂತ ಬೀಗತಿ.

"ಬೇಕಾದಾವನ್ನ ಅಕಿನ ಬೆನ್ನಹತ್ತಿ ಹಿಡೀತಾಳ. ನೀವು ಹಾದ್ಯಾಗ ಅಡ್ಡ ನಿಂದರಬ್ಯಾಡ್ರಿ," ಎಂದೆ.