ಅಕ್ಕನ ತೊಡೆಯ ಜೋಮು

ತೊಡೆ ಜೋಮು ಹಿಡಿದಿದೆ ಎಂದು ಅಕ್ಕ ಹೇಳಿದ ಬೆಳಿಗ್ಗೆಯೇ ನಾನು ಅವಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಕರೆದೊಯ್ಯಲಿಲ್ಲ. ಮಗ್ಗದ ಕೆಲಸ ಮುಗಿಯಲಿ ಎಂದು ಸಂಜೆಯವರೆಗೂ ಕೂರಿಸಿಕೊಂಡಿದ್ದೆ.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮುಂದೆ ವಾಸ, ಹಿಂದೆ ಎರಡು ವಿದ್ಯುತ್ ಮಗ್ಗ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ನಿಂತವನು, ಅಕ್ಕ ನನಗಿಂತ ಮೊದಲೇ ನಿಂತವಳು. ಕೆಲವು ವರ್ಷಗಳ ಹಿಂದೆ ಅವಳ ಹೃದಯದ ಕವಾಟ ಬದಲಾಯಿಸಿದರು. ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ. ಹೊಸದಾಗಿ ಎಲ್ಲಿ ನೋವು ಬಂದರೂ ತಡ ಮಾಡಬೇಡಿ ಎಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದ್ದರು. ಕೈ ಕೊಯ್ದುಕೊಂಡರೆ ರಕ್ತ ಬೇಗ ನಿಲ್ಲುವುದಿಲ್ಲ ಎಂಬುದಷ್ಟೇ ನನ್ನ ತಲೆಯಲ್ಲಿ ಉಳಿದಿತ್ತು. ಏಟೇ ಬೀಳದೆ ಮೈಯೊಳಗೆ ರಕ್ತ ಒಸರಬಹುದೆಂದು ಊಹಿಸಿಯೂ ಇರಲಿಲ್ಲ.

ಅವತ್ತು ಹಾಸು ಕೆಚ್ಚುವ ದಿನ. ಹಾಸು ಅಂದರೆ ಬಟ್ಟೆಯ ಉದ್ದೆಳೆಗಳು; ಮಗ್ಗದಲ್ಲಿ ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಕೈ ಬದಲಾದರೆ ಎಳೆಯ ಬಿಗಿಯೂ ಬದಲಾಗುತ್ತದೆಂದು, ನಮ್ಮ ಮನೆಯಲ್ಲಿ ಶುರು ಮಾಡಿದವರೇ ಮುಗಿಸುವುದು ರೂಢಿ. ಅಕ್ಕನ ಬೆರಳಿನ ಚುರುಕು ನಮ್ಮಲ್ಲಿ ಯಾರಿಗೂ ಇಲ್ಲ.

"ಲೇ, ತೊಡೆಸಂದಿಲಿ ಹಿಡ್ಕೊಂಡೈತೆ ಕಣೋ. ತೊಡೆ ಮುಟ್ಟಿದ್ರೆ ಗೊತ್ತೇ ಆಗ್ತಿಲ್ಲ."

"ಮಗ್ಗಕ್ಕೆ ನಿಂತ್ರೆ ಯಾರ ಕಾಲು ಜೋಮು ಹಿಡಿಯಲ್ಲ? ಕೂತ್ಕೊ, ಸರಿಹೋಗುತ್ತೆ."

ಕಾಲು ಮಡಚಿ ಕೂತ ಮೇಲೆ ನೋವು ನಿಜಕ್ಕೂ ಇಳಿಯಿತು. "ಪರವಾಗಿಲ್ವೇ, ನೀನೇ ಬೋರ್ಡ್ ಹಾಕ್ಕೊಂಡ್ಬಿಡು ಡಾಕ್ಟ್ರೇ," ಎಂದು ನಕ್ಕಳು. ನಾನು ಬೀಗಿದೆ. ಮಧ್ಯಾಹ್ನ ಅವಳು ಕಾಲು ಚಾಚಲು ಹೋಗಿ ಮುಖ ಕಿವುಚಿದ್ದನ್ನು ನೋಡಿದೆ. ನೋಡಿಯೂ, "ಇನ್ನೊಂದು ಗೇಣು ಅಷ್ಟೇ ಅಕ್ಕ," ಎಂದೆ. ಸಂಜೆ ಕೊನೆಯ ಎಳೆ ಸೇರಿಸಿ ಎದ್ದಳು. ಮಂಡಿ ಮಡಚಿಕೊಂಡು ಅಲ್ಲೇ ಕುಸಿದಳು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಹೊಟ್ಟೆಯ ಹಿಂದಿನಿಂದ ತೊಡೆಗೆ ಇಳಿಯುವ ಸ್ನಾಯುವಿನಲ್ಲಿ ರಕ್ತ ತುಂಬಿ, ಮಂಡಿಗೆ ಬಲ ಕೊಡುವ ನರವನ್ನು ಒತ್ತಿತ್ತು. ಕಾಲು ಮಡಚಿದಾಗ ಆ ಸ್ನಾಯು ಸಡಿಲವಾಗುತ್ತದಂತೆ, ಅದಕ್ಕೇ ಕೂತಾಗ ಹಾಯೆನಿಸಿದ್ದು. ಮಾತ್ರೆ ನಿಲ್ಲಿಸಿ, ಅದರ ಪ್ರಭಾವ ಇಳಿಸಲು ಇಂಜೆಕ್ಷನ್ ಕೊಟ್ಟರು. ಜೀವಕ್ಕೆ ಭಯವಿಲ್ಲ, ಆದರೆ ಮತ್ತೆ ಮೊದಲಿನಂತೆ ನಿಲ್ಲುತ್ತಾರೋ ಇಲ್ಲವೋ ಕಾದು ನೋಡಬೇಕು, ಬೇಗ ಬಂದಿದ್ದರೆ ಒಳ್ಳೆಯದಿತ್ತು ಎಂದರು ಡಾಕ್ಟರು.

"ನಾನೇ ಇವನಿಗೆ ಹೇಳಿರ್ಲಿಲ್ಲ ಸಾರ್," ಎಂದಳು ಅಕ್ಕ. ನಾನು ಬಾಯಿ ಬಿಡಲಿಲ್ಲ.

ಮನೆಗೆ ಬಂದ ಮೇಲಿನ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಮಂಡಿಗೆ ಪಟ್ಟಿ ಬಿಗಿದುಕೊಂಡು, ನಿಲ್ಲಿಸಿದ ಮಗ್ಗಗಳ ನಡುವಿನ ಓಣಿಯಲ್ಲಿ ವಾಕರ್ ಹಿಡಿದು ನಡೆಯುವಳು. "ಪಕ್ಕಕ್ಕೆ ಸರಿಯೋ, ಘಾಟಿ ಬಸ್ಸು ಬಂತು!" ಮಂಡಿ ಕೈಕೊಟ್ಟರೆ "ಪಂಚರ್!" ಎಂದು ಕೂಗುವಳು, ನಾನು ಸ್ಟೂಲ್ ಹಿಡಿದು ಓಡಬೇಕು. ಜೋಮು ಇಳಿಯಿತೇ ಎಂದು ತಿಳಿಯಲು ಅವಳ ಕಣ್ಣು ಮುಚ್ಚಿಸಿ ತೊಡೆಯ ಮೇಲೆ ಏನಾದರೂ ಇಟ್ಟು ಕೇಳುತ್ತಿದ್ದೆ. ಹಣಿಗೆ, ನೂಲಿನ ಉಂಡೆ, ಯಾವುದೂ ಅವಳಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಮಜ್ಜಿಗೆಯ ಲೋಟ ಇಟ್ಟೆ.

"ಅಯ್ಯೋ, ತಣ್ಣಗೈತೆ ಕಣೋ! ಲೇ, ತಣ್ಣಗೈತೆ!" ಎಂದು ಅಲುಗಾಡಿ ಮಜ್ಜಿಗೆಯನ್ನೆಲ್ಲ ನನ್ನ ಮೇಲೇ ಚೆಲ್ಲಿದಳು. ಒದ್ದೆ ಅಂಗಿಯಲ್ಲೇ ಕುಣಿದೆ.

ಆಮೇಲೆ ಮಂಡಿಗೆ ಬಲ ಬಂತು. ಗೋಡೆ ಹಿಡಿದು ಒಬ್ಬಳೇ ತಾರಸಿ ಹತ್ತಿ, ಅಲ್ಲಿಂದ ನನ್ನನ್ನು ಅಣಕಿಸಿದಳು. ನಿಲ್ಲಿಸಿದ್ದ ಮಾತ್ರೆಯನ್ನು ಡಾಕ್ಟರು ಆಸ್ಪತ್ರೆಯಲ್ಲಿದ್ದಾಗಲೇ ಪ್ರಮಾಣ ನೋಡಿ ಮತ್ತೆ ಶುರು ಮಾಡಿದ್ದರು. ರಕ್ತ ಪರೀಕ್ಷೆಗೆ ನಾನೇ ಕರೆದೊಯ್ಯುತ್ತೇನೆ. ತೊಡೆಯ ಅಂಗೈಯಗಲ ಜಾಗ ಇನ್ನೂ ಮರಗಟ್ಟಿದೆ. ಆದರೂ ಅವಳು ತನ್ನ ಮಗ್ಗಕ್ಕೆ ನಿಂತಳು.

ನಿಂತ ದಿನ ನೋಡಲು ಬಂದ ಪಕ್ಕದ ಮನೆಯವರಿಗೂ ಅದೇ ಮಾತು: "ನಂದೇ ತಪ್ಪು, ಹೇಳ್ದೆ ಮುಚ್ಚಿಟ್ಕೊಂಡೆ." ಅವರು ಹೋದ ಮೇಲೆ ನಾನು ಹತ್ತಿರ ಹೋಗಿ ಹೇಳಬೇಕಾದ್ದನ್ನು ಹೇಳಿಯೇಬಿಟ್ಟೆ, ಎರಡೂ ಮಗ್ಗ ಓಡುತ್ತಿರುವಾಗ. ಆ ಸದ್ದಿನಲ್ಲಿ ಅವಳಿಗೆ ಕೇಳಿಸುವಂತಿರಲಿಲ್ಲ.

"ಏನಂದೆ?"

"ಕಾಫಿ ಬೇಕಾ ಅಂದೆ."

"ಕೇಳ್ಬೇಕಾ? ತಗೊಂಡ್ಬಾ."

ಕಾಫಿ ಮಾಡಿ ತಂದುಕೊಟ್ಟೆ. ಅವಳು ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ನನ್ನ ಮಗ್ಗ ನಿಲ್ಲಿಸಿದೆ, ಅವಳದನ್ನೂ ನಿಲ್ಲಿಸಿದೆ.

"ಯಾಕೋ? ಹಾಸು ಕಿತ್ತೋಯ್ತಾ?"

"ಇಲ್ಲ. ಅಕ್ಕ, ನೀನು ಬೆಳಿಗ್ಗೇನೇ ಹೇಳಿದ್ದೆ. ನಾನೇ ಕೆಲ್ಸ ಮುಗೀಲಿ ಅಂತ ಕೂರಿಸ್ಕೊಂಡೆ. ಡಾಕ್ಟ್ರ ಮುಂದೇನೂ ಸುಮ್ನಿದ್ಬಿಟ್ಟೆ. ತಪ್ಪಾಯ್ತು ಅಕ್ಕ, ಕ್ಷಮಿಸ್ಬಿಡು."