ಬಿಸಿಲಿಗೆ ಸವೆದ ಛತ್ರಿ

ಮಳೆಯನ್ನೇ ಸರಿಯಾಗಿ ಕಾಣದೆ ಹರಿದುಹೋದ ಛತ್ರಿಗಳು ಎಲ್ಲಿಯಾದರೂ ಇದ್ದರೆ ಅದು ನಮ್ಮ ಮನೆಯಲ್ಲಿ. ಅಟ್ಟದ ಮೇಲೆ ಒಂದು ಹೊರೆ ಬಿದ್ದಿವೆ. ಕೊಂಡಾಗ ಎಲ್ಲವೂ ಕಪ್ಪು, ಈಗ ಚಹಾದ ಬಣ್ಣ. ಮೊಮ್ಮಕ್ಕಳಾದ ನೀವು ಅವನ್ನು ಎಳೆದು ತಂದು, "ಆಯಿ, ಇವನ್ಯಾಕ ಇನ್ನೂ ತಿಪ್ಪಿಗೆ ಒಗದಿಲ್ಲ?" ಎಂದು ನಗುತ್ತೀರಿ. ನಾಲ್ಕು ಜನ ಕೂತಲ್ಲಿ ಬಾಯಿ ತೆರೆಯಲು ನನಗೆ ಇಂದಿಗೂ ನಾಚಿಕೆ. ಕಾಗದಕ್ಕೆ ಮುಖವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮವ್ವ ಚಂದ್ರವ್ವ ಹುಟ್ಟಿದ್ದು ಎಂಬತ್ತರ ದಶಕದ ಮೊದಲಿಗೆ, ತೆಲಸಂಗದ ಹತ್ತಿರದ ನಮ್ಮ ದ್ರಾಕ್ಷಿ ತೋಟದ ಮನೆಯಲ್ಲಿ. ಮೈ ಹಾಲಿನ ಕೆನೆ, ಕೂದಲು ಗೋವಿನಜೋಳದ ತೆನೆಯ ರೇಷ್ಮೆ. ಬೆಳಕು ಬಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಕೂಸು ನೋಡಲು ಬಂದ ಹೆಂಗಸರು ತೊಟ್ಟಿಲಿಗಿಂತ ಹೆಚ್ಚಾಗಿ ನನ್ನ ಮುಖ ನೋಡಿದರು.

ನನ್ನ ಅತ್ತೆ ಮಾತ್ರ ಎದೆಗುಂದಲಿಲ್ಲ. ಅವರಿಗೆ ಒಣದ್ರಾಕ್ಷಿ, ಅಂದರೆ ನಮ್ಮ ಮಣೂಕ ಮಾಡುವುದರಲ್ಲಿ ಎತ್ತಿದ ಕೈ. ದ್ರಾಕ್ಷಿಯನ್ನು ಶೆಡ್ಡಿನ ನೆರಳಿನಲ್ಲಿ ಒಣಗಿಸಿದರೆ ಬಣ್ಣ ತಿಳಿಯಾಗಿ ಉಳಿಯುತ್ತದೆ. ಬಯಲಿಗೆ ಹಾಕಿದರೆ ಕಪ್ಪಾಗುತ್ತದೆ.

"ಹಂಗಾರ ಕೂಸಿಗೂ ಒಂದೀಟ ಬಿಸಲ ತೋರಸೂನು, ಬಣ್ಣ ತಾನ ಬರತೈತಿ," ಎಂದು ಎಣ್ಣೆ ಹಚ್ಚಿ, ಅಂಗಳದಲ್ಲಿ ಕೌದಿ ಹಾಸಿ ಮಲಗಿಸಿಬಿಟ್ಟರು. ಮಣೂಕ ಮಾಡುವವರ ಮನೆಯಲ್ಲಲ್ಲದೆ ಇಂಥ ಯೋಚನೆ ಇನ್ನೆಲ್ಲಿ ಹುಟ್ಟೀತು! ಬಣ್ಣವೇನೋ ಬಂತು, ಕೆಂಡದಂಥ ಕೆಂಪು. ಸಂಜೆಗೆ ಬೊಬ್ಬೆ ಎದ್ದು ಕೂಸು ಹಾಲು ಬಿಟ್ಟಿತು.

ನಿಮ್ಮಜ್ಜ ನಮ್ಮನ್ನೆಲ್ಲ ಮಿರಜಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ತಿಳಿಸಿ ಹೇಳಿದರು. ಇದು ಯಾರ ಶಾಪವೂ ಅಲ್ಲ. ಬಿಸಿಲನ್ನು ತಡೆಯುವ ಬಣ್ಣ ಈ ಕೂಸಿನ ಚರ್ಮದಲ್ಲಿ ಹುಟ್ಟಿನಿಂದಲೇ ಇಲ್ಲ. ಜೋಪಾನ ಮಾಡದಿದ್ದರೆ ಮುಂದೆ ಚರ್ಮಕ್ಕೆ ಕ್ಯಾನ್ಸರ್ ಬರಬಹುದು. ಕ್ಯಾನ್ಸರ್ ಅಂದರೆ ತಂಬಾಕು ತಿನ್ನುವವರ ಬಾಯಿಗೆ ಬರುವುದು ಎಂದಷ್ಟೇ ನಾವು ಕೇಳಿದ್ದೆವು. ಬಿಸಿಲಿಗೂ ಬರುತ್ತದೆಂದರೆ, ನಮ್ಮ ಸೀಮೆಯಲ್ಲಿ ಬಿಸಿಲು ಬಿಟ್ಟು ಬೇರೆ ಏನಿದೆ?

ಬಸ್ಸಿನಲ್ಲಿ ಅತ್ತೆ ದಾರಿಯುದ್ದಕ್ಕೂ ಕೂಸಿನ ಮೇಲೆ ತಮ್ಮ ಸೆರಗು ಹಿಡಿದಿದ್ದರು. ಮನೆಯ ಹೊಸ್ತಿಲು ದಾಟಿದ ಮೇಲೆ, "ಮಣೂಕಕ್ಕ ನೆರಳ ಮಾಡಿದ್ನಿ, ಮನಿ ಮಗಳನ್ನ ಬಯಲಿಗೆ ಹಾಕಿದ್ನಿ ನೋಡವಾ," ಎಂದು ಕಣ್ಣೊರೆಸಿಕೊಂಡರು. ಮರುದಿನವೇ ಶೆಡ್ಡಿಗೆ ತಂದಿದ್ದ ಹಸಿರು ಪರದೆ ನಮ್ಮ ಅಂಗಳದ ಮೇಲೆ ಏರಿತು.

ನಿಮ್ಮಜ್ಜ ಬಹಳ ವರ್ಷ ಉಳಿಯಲಿಲ್ಲ. ಅವರ ತುಂಬುತೋಳಿನ ಅಂಗಿಗಳನ್ನು ಕತ್ತರಿಸಿ ಮಗಳಿಗೆ ಹೊಲಿದೆ. ಕಬ್ಬಿನ ರವದಿ, ಆ ಒಣಗರಿ, ಮೈ ಕೊಯ್ಯಬಾರದೆಂದು ನಮ್ಮ ಹೆಣ್ಣಾಳುಗಳು ಸೀರೆಯ ಮೇಲೆ ಗಂಡನ ಅಂಗಿ ತೊಡುವುದಿಲ್ಲವೇ, ಹಾಗೆಯೇ. ನಮ್ಮ ಹಿರಿಯರ ರುಮಾಲು, ಟೊಪ್ಪಿಗೆ, ತಲೆಯ ಮೇಲಿನ ಸೆರಗು ಎಲ್ಲವೂ ದೊಡ್ಡವರಿಗೆ ತೋರುವ ಮರ್ಯಾದೆ ಎಂದು ತಿಳಿದಿದ್ದೆ. ಅವರು ಸೂರ್ಯನಿಗೂ ಸ್ವಲ್ಪ ಅಂಜುತ್ತಿದ್ದರೆಂದು ಈಗ ಅನ್ನಿಸುತ್ತದೆ.

ಮಗಳು ಶಾಲೆಗೆ ಸೇರಿದ ಮೇಲೆ ಕಷ್ಟ ಬಂತು. ಹೊಸದಾಗಿ ಬಂದ ಕವಾಯತಿನ ಮಾಸ್ತರರು, ಎಲ್ಲರಿಗೂ ಅರ್ಧ ತೋಳು, ತಲೆಯ ಮೇಲೆ ಏನೂ ಇರಕೂಡದು ಎಂದರು. ಆಗದವರು ಒಳಗೆ ಕೂರಬೇಕು. ಚಂದ್ರವ್ವ ಅಳುತ್ತ ಬಂದಳು. "ಅವ್ವಾ, ನಾ ಒಬ್ಬಾಕಿನ ಒಳಗ ಕುಂಡ್ರಾಂಗಿಲ್ಲ. ಎಲ್ಲಾರ ಕೂಡ ಸಾಲಿನ್ಯಾಗ ನಿಂದ್ರಾಕಿ." ಬಿಸಿಲಿಗೆ ಬಿಟ್ಟರೆ ಮೈ ಸುಡುತ್ತದೆ, ಬಿಡದಿದ್ದರೆ ಮನಸ್ಸು ಸುಡುತ್ತದೆ. ರಾತ್ರಿಯೆಲ್ಲ ನನಗೆ ಇದೇ ಆಯಿತು.

ಮರುದಿನ ಮಗಳಿಗೆ ತುಂಬುತೋಳಿನ ಅಂಗಿಯನ್ನೇ ತೊಡಿಸಿದೆ. ಹುಬ್ಬಿನವರೆಗೆ ಸೆರಗು ಎಳೆದುಕೊಂಡು, ಛತ್ರಿ ಬಿಚ್ಚಿ, ಶಾಲೆಯ ಬಯಲು ದಾಟಿ ಹೋಗಿ ಕವಾಯತಿನ ಸಾಲಿನಲ್ಲಿ ಅವಳ ಹಿಂದೆ ನಿಂತೆ. ಛತ್ರಿಯ ನೆರಳು ಅವಳ ತಲೆಯ ಮೇಲೆ ಬೀಳುವಂತೆ ಸರಿಮಾಡಿ ಹಿಡಿದೆ.

"ಬಾಯಾರ, ಇದು ಕವಾಯತ ಐತ್ರಿ. ಛತ್ರಿ ಮಡಚ್ರಿ," ಎಂದರು ಮಾಸ್ತರರು.

"ಮಡಚೂದಿಲ್ರಿ," ಎಂದೆ. ಊರ ಗಂಡಸರ ಮುಂದೆ ನಾನು ಆಡಿದ ಮೊದಲ ಮಾತು ಅದೇ ಇರಬೇಕು.

"ನೇಮ ಅಂದ್ರ ಎಲ್ಲಾರಿಗೂ ಒಂದ ಅಲ್ರಿ?"

ಗೇಟಿನ ಬಳಿಯಿಂದ ನನ್ನ ಅತ್ತೆಯ ದನಿ ಬಂತು. "ಹೌದ್ರಿ ಮಾಸ್ತರ, ಎಲ್ಲಾರಿಗೂ ಒಂದ! ಮೊದಲ ನಿಮ್ಮ ಹ್ಯಾಟ ತಗೀರಿ!"

ಹುಡುಗರು ಕಿಸಕ್ಕೆಂದರು. ಮಾಸ್ತರರು ಮಾತಿಗೆ ಕಟ್ಟುಬಿದ್ದು ಹ್ಯಾಟು ತೆಗೆದರು. ಒಳಗೆ ಒಂದೂ ಕೂದಲಿರಲಿಲ್ಲ. ತುಸು ಹೊತ್ತು ಏಕ್-ದೋ ಕೂಗಿ, ತಲೆ ಮುಟ್ಟಿ ನೋಡಿಕೊಂಡು, ಬೇವಿನ ಗಿಡಗಳ ಕಡೆ ತಿರುಗಿದರು. "ನಡೀರಿ ಎಲ್ಲಾರೂ, ಗಿಡದ ಕೆಳಗ!" ಅಂದಿನಿಂದ ಕವಾಯತು ಅಲ್ಲಿಯೇ ನಡೆಯಿತು; ತುಂಬುತೋಳಿಗೂ ಒಪ್ಪಿದರು. ಒಳ್ಳೆಯ ಮನುಷ್ಯ, ಬಿಸಿಲು ತಲೆಗೆ ತಾಕಬೇಕಿತ್ತು ಅಷ್ಟೇ.

ನಮ್ಮ ಮೈ ಕಪ್ಪು, ನಮಗೇಕೆ ಟೊಪ್ಪಿಗೆ ಎಂದು ನೀವು ಕೇಳುತ್ತೀರಿ. ಕಪ್ಪು ಬಣ್ಣವೂ ಒಂದು ಛತ್ರಿಯೇ, ಆದರೆ ಅದಕ್ಕೂ ತೂತು ಬೀಳಬಹುದು. ಮಾಯದ ಹುಣ್ಣು, ಬೆಳೆಯುವ ಮಚ್ಚೆ ಕಂಡರೆ ಮುಚ್ಚಿಡಬೇಡಿ.

ನಿಮ್ಮವ್ವ ಈಗ ಅಥಣಿಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ವರ್ಷಕ್ಕೊಮ್ಮೆ ನಾವಿಬ್ಬರೂ ಮಿರಜಿಗೆ ಹೋಗುತ್ತೇವೆ. ಡಾಕ್ಟರು ಅವಳ ಮುಖ, ಕಿವಿ, ತೋಳು ಎಲ್ಲ ಬೆಳಕಿಗೆ ಹಿಡಿದು ನೋಡಿ, "ಕಾಹೀ ನಾಹೀ. ಏನೂ ಇಲ್ರಿ, ಮುಂದಿನ ವರ್ಷ ಬರ್ರಿ," ಎನ್ನುತ್ತಾರೆ. ಇಷ್ಟೊಂದು ಛತ್ರಿ ಸವೆಸಿ ನೀನು ಗಳಿಸಿದ್ದೇನು ಎಂದು ಯಾರಾದರೂ ಕೇಳಿದರೆ ನಾನೂ ತಲೆಯೆತ್ತಿ ಅದನ್ನೇ ಹೇಳುತ್ತೇನೆ: ಏನೂ ಇಲ್ಲ.