ಬುಗುರಿ ಬಸ್ಯನ ದನಿ

ಕಳೆದ ತಿಂಗಳು ಮರಳೂರಿನ ನಮ್ಮ ಬೀದಿಯ ಗೋಡೆಗೆ ಅಂಟಿಸಿದ್ದ ಸಿನಿಮಾ ಪೋಸ್ಟರಿನಲ್ಲಿ ಬುಗುರಿ ಬಸ್ಯನಿಗೆ ಮೂಗು ಬಂದಿತ್ತು. ತರಕಾರಿ ಚೀಲ ಹಿಡಿದುಕೊಂಡೇ ನಿಂತು ನೋಡಿದೆ. ಮಕ್ಕಳ ಮಾಸಪತ್ರಿಕೆಯ ಚಿತ್ರಕಥೆಯಲ್ಲಿ ನಾವು ಕಂಡ ಬಸ್ಯನಿಗೆ ಚುಕ್ಕೆಯಂಥ ಕಣ್ಣು, ಕಿವಿಯಿಂದ ಕಿವಿಯವರೆಗೆ ಬಾಯಿ, ಕೈಯಲ್ಲೊಂದು ಬುಗುರಿ, ಅಷ್ಟೇ. ಮೂಗನ್ನು ಚಿತ್ರಕಾರರು ಮರೆತರೋ, ಅನಗತ್ಯವೆಂದು ಬಿಟ್ಟರೋ, ನಾವಂತೂ ಆ ಕೊರತೆಯನ್ನು ಲೆಕ್ಕಕ್ಕಿಡದೆ ದೊಡ್ಡವರಾದೆವು. ಈಗ ಅವನು ಚಲನಚಿತ್ರವಾಗಿ, ಅದೂ ಮೂರನೆಯ ಭಾಗವಾಗಿ, ಜೀವಂತ ಹುಡುಗನೊಬ್ಬನ ಮೈಯಲ್ಲಿ ಬಂದಿರುವಾಗ ನಾಸಿಕವೂ ಅನಿವಾರ್ಯ ತಾನೆ?

ಸರಣಿಯ ಮೊದಲ ಚಿತ್ರವನ್ನು ಕುಣಿಗಲ್ಲಿನ ಬೀಗರ ಮನೆಗೆ ಹೋದಾಗ ಅವರ ಬಲವಂತಕ್ಕೆ ನೋಡಿದ್ದೆ. ಎರಡನೆಯದನ್ನು ಟೀವಿಯಲ್ಲಿ, ಮೊಮ್ಮಗಳು ಸಿರಿಯ ಪಕ್ಕದಲ್ಲಿ ಕೂತು, ಅರೆನಿದ್ದೆಯಲ್ಲಿ. ಮನೆಮಂದಿಯೆಲ್ಲ ಮುಜುಗರವಿಲ್ಲದೆ ನೋಡಬಹುದಾದ, ನಕ್ಕು ಏಳಬಹುದಾದ ಚಿತ್ರಗಳೇ. ಆದರೂ ಎಲ್ಲೋ ಏನೋ ಸರಿಯಿಲ್ಲವೆನಿಸುತ್ತಿತ್ತು. ಕಾಲೇಜಿನಲ್ಲಿ ಜೀವಮಾನವಿಡೀ ವ್ಯಾಕರಣ ಪಾಠ ಮಾಡಿದವನಿಗೆ ತಪ್ಪು ಹುಡುಕುವುದೊಂದು ಚಟ. ಈ ತಪ್ಪು ಮಾತ್ರ ಯಾವ ವಿಭಕ್ತಿಯದೆಂದು ತಿಳಿಯಲಿಲ್ಲ. ಪೋಸ್ಟರಿನ ಮುಂದೆ ನಿಂತಾಗ ಹೊಳೆಯಿತು. ತಪ್ಪಿದ್ದದ್ದು ದನಿ. ನನ್ನ ಪಾಲಿಗೆ ಬಸ್ಯನ ದನಿಯೆಂದರೆ ನನ್ನ ಅಕ್ಕನ ದನಿ.

ಚೇಳೂರಿನಲ್ಲಿ ನಾನಿನ್ನೂ ಅಕ್ಷರ ಕೂಡಿಸುತ್ತಿದ್ದ ಕಾಲಕ್ಕೆ, ಅಪ್ಪ ಗುಬ್ಬಿಯಿಂದ ತರುತ್ತಿದ್ದ ಆ ಪತ್ರಿಕೆಯನ್ನು ಶಾಂತಕ್ಕನೇ ನನಗೆ ಓದಿ ಹೇಳುತ್ತಿದ್ದಳು. ಬಸ್ಯನ ಅಜ್ಜಿಗೊಂದು ದನಿ, ಬೆಕ್ಕಿಗೊಂದು ದನಿ, ಬಸ್ಯನಿಗಂತೂ ನೆಗಡಿ ಹಿಡಿದಂಥ ಎಳೆದೆಳೆದ ದನಿ. ಮೂಗೇ ಇಲ್ಲದವನು ಇನ್ನು ಹೇಗೆ ಮಾತಾಡಿಯಾನು ಎಂಬುದು ಅವಳ ತರ್ಕ. ಎಂಥ ಫಜೀತಿ ಬಂದರೂ ಬಸ್ಯ ಹೇಳುತ್ತಿದ್ದ ಒಂದೇ ಮಾತು, “ತಡೀರಿ, ಒಂದುಪಾಯ ಐತೆ.” ಅದು ಅಕ್ಕನ ಬಾಯಲ್ಲಿ ಬಂದಾಗ ನಾನು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಉರುಳುತ್ತಿದ್ದೆ.

ಹೋದ ವರ್ಷ ಅವಳ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆ ಹೋಯಿತು, ಜೀವ ಉಳಿಯಿತು, ದನಿ ಹಿಂದಿರುಗಲಿಲ್ಲ. ಉಳಿದದ್ದು ಬರಿಯ ಪಿಸುಮಾತು. ಪಿಸುಗುಟ್ಟುವವರ ಎದುರು ನಾವು ಒಂದೋ ನಾವೂ ಪಿಸುಗುಟ್ಟುತ್ತೇವೆ, ಇಲ್ಲವೇ ಅವರಿಗೆ ಕಿವಿ ಕೇಳಿಸದೇನೋ ಎಂಬಂತೆ ಕೂಗುತ್ತೇವೆ. ವಿದ್ಯಾವಂತನಾದ ನಾನು ಒಂದೇ ಭೇಟಿಯಲ್ಲಿ ಎರಡನ್ನೂ ಮಾಡಿದೆ. ಕ್ರಮೇಣ ಅಕ್ಕ ಮಾತನ್ನೇ ನಿಲ್ಲಿಸಿದಳು. ಮದುವೆ, ನಾಮಕರಣಗಳಿಗೆ ಬರುವುದನ್ನು ಬಿಟ್ಟಳು. ಯಾರೇನು ಕೇಳಿದರೂ ಜೊತೆಯಲ್ಲಿದ್ದವರೇ ಅವಳ ಪರವಾಗಿ ಉತ್ತರಿಸುವುದು ರೂಢಿಯಾಯಿತು. ವರ್ಷದೊಳಗೆ ಮನೆಯವರೆಲ್ಲ ಅದಕ್ಕೆ ಒಗ್ಗಿಹೋದದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಅಕ್ಕ ಈಗಲೂ ಇರುವ ಚೇಳೂರಿಗೆ ಹೋಗಿ ಸಿನಿಮಾಕ್ಕೆ ಕರೆದೆ. ತಲೆಯಾಡಿಸಿ ಬೇಡವೆಂದಳು. ಯಾರೂ ಮಾತಾಡಬಾರದ ಜಾಗವೆಂದರೆ ಸಿನಿಮಾ ಮಂದಿರ, ಅಲ್ಲಿ ಎಲ್ಲರೂ ನಿನ್ನ ಹಾಗೆಯೇ ಎಂದು ವಾದಿಸಿದೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಅಕ್ಕ ನಕ್ಕಳು. ನಕ್ಕು, ಸೀರೆ ಬದಲಿಸಲು ಒಳಗೆ ಹೋದಳು.

ತುಮಕೂರಿನ ಚಿತ್ರಮಂದಿರದಲ್ಲಿ ನಮ್ಮಿಬ್ಬರ ನಡುವೆ ಸಿರಿ ಕೂತಿದ್ದಳು. ತೆರೆಯ ಮೇಲಿನ ಹುಡುಗ ಚೂಟಿಯಾಗಿಯೇ ಇದ್ದ. ಅವನು ಉಪಾಯದ ಮಾತನ್ನು ಹೇಳಿದಾಗ ಸಭಾಂಗಣವೆಲ್ಲ ನಕ್ಕಿತು. ನಾನು ಅಕ್ಕನ ಕಡೆ ನೋಡಿದೆ. ಆ ಹುಡುಗನಿಗಿಂತ ತುಸು ಮುಂಚೆಯೇ ಅವಳ ತುಟಿಗಳು ಅದೇ ಮಾತನ್ನು ಆಡಿ ಮುಗಿಸಿದ್ದವು, ಸದ್ದಿಲ್ಲದೆ.

ಸಂಜೆ ಮನೆಯಲ್ಲಿ ಸಿರಿ, ಹಳೆಯ ಬಸ್ಯ ಹೇಗಿದ್ದ ತೋರಿಸಿ ಎಂದು ಹಟ ಹಿಡಿದಳು. ಅಟ್ಟದಿಂದ ಒಂದು ಹರಕು ಸಂಚಿಕೆ ತೆಗೆದು, ಸ್ಪಷ್ಟ ಉಚ್ಚಾರಣೆಯಿಂದ ಓದತೊಡಗಿದೆ. ಅರ್ಧ ಪುಟವೂ ಆಗಿರಲಿಲ್ಲ.

“ತಾತ, ನೀವು ನ್ಯೂಸ್ ಓದ್ದಂಗೆ ಓದ್ತೀರ,” ಎಂದಳು ಸಿರಿ.

ಅಕ್ಕ ಕೈ ಚಾಚಿ ಪುಸ್ತಕ ತೆಗೆದುಕೊಂಡಳು. ಪುಟದ ಹರಿದ ಅಂಚನ್ನು ಬೆರಳಿನಿಂದ ನೀವಿದಳು. ಆಮೇಲೆ ತುಟಿ ತೆರೆದು, ಆ ಒಣ ಪಿಸುದನಿಯಲ್ಲೇ ಮೊದಲ ಚೌಕದಿಂದ ಶುರುಮಾಡಿದಳು. ಸಿರಿ ಸರಿದು ಸರಿದು ಅವಳ ತೊಡೆಗೆ ಅಂಟಿಕೊಂಡಳು. ಕೇಳಿಸಲೆಂದು ನಾನೂ ಕುರ್ಚಿ ಎಳೆದುಕೊಂಡೆ.

“ಅಜ್ಜಿ, ಬಸ್ಯ ಯಾಕೆ ಹಿಂಗೆ ಗುಟ್ಟಾಗಿ ಮಾತಾಡ್ತಾನೆ?”

ನಾನೇ ಉತ್ತರ ಕೊಡಲು ಬಾಯಿ ತೆರೆದೆ. ಅಕ್ಕ ನನ್ನತ್ತ ನೋಡಲೂ ಇಲ್ಲ. ಚಿತ್ರದ ಮೂಲೆಯಲ್ಲಿ ಮುದುರಿ ಮಲಗಿದ್ದ ಪ್ರಾಣಿಯ ಮೇಲೆ ಬೆರಳಿಟ್ಟಳು.

“ಬೆಕ್ಕು ಮಲ್ಗೈತೆ ಕಣವ್ವ. ಜೋರಾಗಂದ್ರೆ ಎದ್ಬುಡ್ತದೆ.”

ಸಿರಿ ತಕ್ಷಣ ಬಾಯಿಯ ಮೇಲೆ ಕೈಯಿಟ್ಟುಕೊಂಡು, ಮುಂದೆ ಓದು ಎಂದು ಪಿಸುಗುಟ್ಟಿದಳು. ಆ ಕಥೆ ಪೂರ್ತಿ ಮುಗಿಯಿತು, ಬೆಕ್ಕು ಏಳಲಿಲ್ಲ. ಅಚ್ಚಿನ ಬಸ್ಯನಿಗೆ ಚಿತ್ರಕಾರ ದನಿ ಕೊಟ್ಟಿರುವುದಿಲ್ಲ. ಓದಿದವರು ತಮ್ಮಲ್ಲಿ ಇರುವುದನ್ನೇ ಕೊಡುತ್ತಾರೆ. ನಾನು ಅಕ್ಕನ ಹಳೆಯ ದನಿಯನ್ನು ಪಡೆದೆ, ಸಿರಿ ಈ ಪಿಸುಮಾತನ್ನು. ನಾಳೆ ಅವಳಿಗೂ ಸಿನಿಮಾದ ಬಸ್ಯ ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ, ಅವನು ವಿನಾಕಾರಣ ಕೂಗಾಡುತ್ತಾನೆಂದು.

ಮರುದಿನ ಅಕ್ಕನನ್ನು ಗುಬ್ಬಿ ಮೇಲೆ ಚೇಳೂರಿಗೆ ಹೋಗುವ ಬಸ್ಸಿಗೆ ಹತ್ತಿಸಲು ಹೋದೆ. ಇಂಜಿನ್ ಗುಡುಗುಡು ಎನ್ನುತ್ತಿತ್ತು. ಕಂಡಕ್ಟರು ಹತ್ತಿರ ಬಂದು ಎಲ್ಲಿಗಮ್ಮ ಎಂದು ಕೇಳಿದ. ಕಿಟಕಿಯ ಹೊರಗೆ ನಿಂತಿದ್ದ ನಾನು ಎಂದಿನಂತೆ ಅವಳ ಪರವಾಗಿ ಹೇಳಲು ಹೊರಟೆ. ಅಕ್ಕ ಕೈಯೆತ್ತಿ ನನ್ನನ್ನು ತಡೆದಳು. ತಾನೇ ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಅವಳು ಅವಸರಪಡಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ, ಇನ್ನೊಮ್ಮೆ ಹೇಳಿದಳು. ಆಗ ಆ ಮನುಷ್ಯ ಸೊಂಟ ಬಗ್ಗಿಸಿ, ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ತಂದು ಕೇಳಿಸಿಕೊಂಡ.